ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳಬೇಕೆ?

(ಶ್ರೀಮಠದ ವಿದ್ಯಾರ್ಥಿನಿಲಯದ ಮಕ್ಕಳನ್ನೂ ಅವರ ಪಾಲಕರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)

ಮುಂದಿನ ಸಾಲುಗಳಲ್ಲಿ ಕುಳಿತಿರುವ ನಿಲಯದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಕೆಲವು ಮಾತುಗಳನ್ನು ಬಿನ್ನವಿಸುವೆನು. ಮಹೋತ್ಸವದ ಸಭೆಯೆಂದರೆ ಮಠದ ಪೂರ್ವೇತಿಹಾಸವನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಬೆಳಗಿನ ಗೋಷ್ಠಿಯಲ್ಲಿಯೇ ನೆರವೇರಿಸಿದ್ದಾರೆ. ನನಗೆ ಆಗಿರುವ ಅಪ್ಪಣೆ ಬೇರೆ. ಹತ್ತನೆಯ ತರಗತಿಯನ್ನು ಮುಗಿಸಿ ಪದವಿಪೂರ್ವ ಕಾಲೇಜನ್ನು ಸೇರಲಿರುವ ಮಕ್ಕಳು ಐಚ್ಛಿಕ ಕನ್ನಡವೆಂಬ ವಿಷಯವನ್ನು ಆರಿಸಿಕೊಳ್ಳಬೇಕೆ ಬೇಡವೆ ಎಂಬುದನ್ನು ಕುರಿತು ಹೇಳಬೇಕೆಂದು ಅಪ್ಪಣೆಯಾಗಿದೆ. ಪಾಠಶಾಲೆಯ ಪಂಡಿತನನ್ನು ಈ ಪ್ರಶ್ನೆ ಕೇಳಿದರೆ ಆತನು ಆರಿಸಿಕೊಳ್ಳಿರೆಂದೇ ಹೇಳುವನೆಂದು ನಿಮ್ಮಲ್ಲಿ ಹಲವರು ಈಗಾಗಲೇ ಮನಸ್ಸಿನಲ್ಲಿ ತೀರ್ಮಾನಿಸಿರಬಹುದು. ಸ್ವಲ್ಪ ತಾಳಬೇಕು.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ನಮ್ಮ ರಾಜ್ಯದ ಪದವಿಪೂರ್ವ ಶಿಕ್ಷಣದಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕಾಗಿದೆ; ಒಂದೊಂದಕ್ಕೆ 100ರಂತೆ ಒಟ್ಟು 600 ಅಂಕಗಳು. ಭಾಷೆಯಾಗಿ ಓದುವ ಕನ್ನಡವೇ ಬೇರೆ, ಐಚ್ಛಿಕ ಕನ್ನಡವೇ ಬೇರೆ. ಮೊದಲನೆಯದನ್ನು ವಿಜ್ಞಾನದವರು, ವಾಣಿಜ್ಯದವರು, ಕಲಾವಿಭಾಗದವರು ಎಲ್ಲರೂ ತೆಗೆದುಕೊಳ್ಳಬಹುದು. ಎರಡನೆಯದು ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಸಾಲಿನಲ್ಲಿ ತಾನೂ ಒಂದು ಶಾಸ್ತ್ರವಾಗಿ ನಿಲ್ಲುವುದು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಪಾಠಗಳ ಜೊತೆಗೆ ಸಾಹಿತ್ಯ ಚರಿತ್ರೆ, ಛಂದಸ್ಸು, ಅಲಂಕಾರ ಮೊದಲಾದವುಗಳ ಪರಿಚಯವೂ ಇದರಲ್ಲಿ ಆಗಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳೆಂಬ ನಾಲ್ಕನ್ನು ಹಿಡಿದವನಿಗೆ ಇದಕ್ಕೆ ಸ್ಥಳವೇ ಉಳಿಯುವುದಿಲ್ಲ. ಆದುದರಿಂದ ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳುವುದೆಂದರೆ ಒಂದು ಪುಸ್ತಕವನ್ನು ಹೆಚ್ಚಾಗಿ ಓದುವುದೆಂದಲ್ಲ, ದಾರಿಯನ್ನೇ ಆರಿಸಿಕೊಳ್ಳುವುದು. ಹದಿನಾರು ವರ್ಷದ ಮಗುವಿನ ಮುಂದೆ ನಾವು ಇಡುತ್ತಿರುವ ಪ್ರಶ್ನೆ ಇಷ್ಟು ಭಾರವುಳ್ಳದ್ದು.

ಹಿರಿಯರ ಲೆಕ್ಕಾಚಾರವನ್ನು ನಾನು ಬಲ್ಲೆನು. ವಿಜ್ಞಾನವನ್ನು ಓದಿದವನು ಮುಂದೆ ಮನಸ್ಸು ಬಂದರೆ ಬಿ.ಎ. ತರಗತಿಗೆ ಬಂದು ಕನ್ನಡವನ್ನು ಓದಬಲ್ಲನು. ಕಲಾವಿಭಾಗಕ್ಕೆ ಬಂದವನು ಮುಂದೆ ಎಷ್ಟು ಹಂಬಲಿಸಿದರೂ ವೈದ್ಯಕೀಯಕ್ಕಾಗಲಿ ಇಂಜಿನಿಯರಿಂಗಿಗಾಗಲಿ ಹೋಗಲಾರನು. ಆದುದರಿಂದ ಮೊದಲು ವಿಜ್ಞಾನವಾಗಲಿ, ಉಳಿದದ್ದು ಆಮೇಲೆ, ಎಂದು ಅವರ ವಾದ. ಇದರಲ್ಲಿ ಸುಳ್ಳಿಲ್ಲ. ಸಾಹಿತ್ಯದ ಮೇಲಿನ ಅಭಿಮಾನದಿಂದ ಈ ಸತ್ಯವನ್ನು ಮಕ್ಕಳಿಂದ ಮರೆಮಾಚುವ ಅಧ್ಯಾಪಕನು ಮಕ್ಕಳಿಗೆ ಉಪಕಾರ ಮಾಡಿದವನಲ್ಲ. ಯಾವ ಬಾಗಿಲು ಮುಚ್ಚುವುದೆಂಬುದನ್ನು ಮೊದಲು ಹೇಳಿ, ಬಳಿಕ ಯಾವುದು ತೆರೆಯುವುದೆಂಬುದನ್ನು ಹೇಳಬೇಕು. ಆದರೆ ಈ ವಾದದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. 'ಆಮೇಲೆ' ಎಂಬ ಕಾಲವು ಹದಿನಾರರ ಕಾಲದಂತೆ ಇರುವುದಿಲ್ಲ. ಕಿವಿಯೂ ನೆನಪೂ ಎಳೆಯದಾಗಿರುವಾಗ ಬಾಯಿಪಾಠ ಮಾಡಿದ ಪದ್ಯವು ಮೂವತ್ತು ವರ್ಷಗಳ ಮೇಲೂ ತಾನಾಗಿ ನಾಲಗೆಗೆ ಬರುವುದು. ನಾನು ಪಾಠಶಾಲೆಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳನ್ನು ಅರ್ಥವೇ ತಿಳಿಯದೆ ಒಪ್ಪಿಸಿದವನು. ಅರ್ಥವು ಮೆಲ್ಲಮೆಲ್ಲನೆ ಹಿಂದಿನಿಂದ ಬಂದಿತು. ಇಪ್ಪತ್ತೈದರಲ್ಲಿ ಅದೇ ಸೂತ್ರವನ್ನು ಕಲಿಯಬಂದವರು ಅರ್ಥವನ್ನು ಬೇಗನೆ ಹಿಡಿಯುವರು, ಸೂತ್ರವನ್ನು ಮಾತ್ರ ಮರುದಿನವೇ ಮರೆಯುವರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ಬೇಸಗೆಯಲ್ಲಿ ಮಠದ ಭಕ್ತರೊಬ್ಬರು ಮಗಳನ್ನು ಕರೆದುಕೊಂಡು ಪಾಠಶಾಲೆಗೆ ಬಂದಿದ್ದರು. ಹುಡುಗಿಯು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಳು. ತಂದೆಯ ಮುಖದಲ್ಲಿ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗಿತ್ತು. “ಶಾಸ್ತ್ರಿಗಳೇ, ಈಕಿಗೆ ನೀವರೆ ಒಂದು ಮಾತು ತಿಳಿಸಿ ಹೇಳ್ರಿ. ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಿಗೆ ಹೋಗ್ತೀನಂತಾಳ. ಕನ್ನಡಾ ಮನ್ಯಾಗ ಮಾತಾಡ್ತೀವಲ್ರಿ, ಅದನ್ನ ಕಲಿಯಾಕ ಕಾಲೇಜ್ ಯಾಕ ಬೇಕು?” ಎಂದರು. ನಾನು ಅವರಿಗೆ ಉತ್ತರ ಕೊಡದೆ ಹುಡುಗಿಯ ಕಡೆಗೆ ತಿರುಗಿ, “ಯಾಕವ್ವಾ ಕನ್ನಡ?” ಎಂದೆ. ಆಕೆ ಬಹಳ ಹೊತ್ತು ನೆಲವನ್ನು ನೋಡುತ್ತ ನಿಂತು, “ಸಾಲ್ಯಾಗ ಹಳಗನ್ನಡ ಪದ್ಯ ಇತ್ರಿ. ಅರ್ಥ ಹೇಳಿಕೊಟ್ರು, ತಿಳೀತು. ಆದ್ರ ಅದನ್ನ ಹಂಗ ಯಾಕ ಹೇಳ್ಯಾರನ್ನೂದು ತಿಳೀಲಿಲ್ರಿ” ಎಂದಳು.

ಮಹನೀಯರೇ, ಅರ್ಥ ತಿಳಿದ ಮೇಲೂ ತೃಪ್ತಿಯಾಗದಿರುವುದೇ ಈ ವಿಷಯವನ್ನು ಓದಲು ಬೇಕಾದ ಅಧಿಕಾರ. ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಈ ಗ್ರಂಥಕ್ಕೆ ಅಧಿಕಾರಿ ಯಾರೆಂದು ವಿಚಾರಮಾಡುವ ಪದ್ಧತಿಯುಂಟಷ್ಟೆ. ಆ ಮಾತು ಇಲ್ಲಿಯೂ ಸಲ್ಲುವುದು. ಅಂಕಗಳು ಅಧಿಕಾರವಲ್ಲ. ಬರೆದ ಕವನಗಳಿಗೆ ಬಹುಮಾನ ಬಂದಿರುವುದೂ ಅಧಿಕಾರವಲ್ಲ. ಪದ್ಯದ ಸಾರಾಂಶವು ಕೈಗೆ ಬಂದ ಮೇಲೂ ಪದ್ಯದ ಬಳಿಗೆ ಇನ್ನೊಮ್ಮೆ ಹೋಗಬೇಕೆನ್ನಿಸುವವರು ಇದಕ್ಕೆ ತಕ್ಕವರು. ಹಾಗೆ ಅನ್ನಿಸದವರು ಎಷ್ಟೇ ಜಾಣರಾಗಿದ್ದರೂ ಎರಡು ವರ್ಷ ಇಲ್ಲಿ ಕುಳಿತುಕೊಳ್ಳುವುದು ವ್ಯರ್ಥ.

ಆ ಹುಡುಗಿಗೆ ತಂದೆಯ ಎದುರಿನಲ್ಲಿಯೇ ನಾನು ಮುಚ್ಚುವ ಬಾಗಿಲುಗಳನ್ನು ಒಂದೊಂದಾಗಿ ಎಣಿಸಿ ಹೇಳಿದೆನು. ಉಳಿಯುವವುಗಳನ್ನೂ ಹೇಳಿದೆನು: ಬಿ.ಎ., ಬಿ.ಎಡ್., ಎಂ.ಎ., ಐದು ವರ್ಷದ ಕಾನೂನು ಶಿಕ್ಷಣ, ಪತ್ರಿಕೋದ್ಯಮ, ಅನುವಾದದ ಕೆಲಸ. ತಂದೆಗೆ ಇರುವ ಹೊಲ ಸ್ವಲ್ಪ, ಮೇಲೆ ಸಾಲವುಂಟು. ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನನ್ನಿಂದಾಗದ ಮಾತು. ಎಂಟು ದಿನ ಯೋಚಿಸಿ ಬನ್ನಿರೆಂದು ಕಳುಹಿಸಿದೆನು. ಎಂಟನೆಯ ದಿನ ಇಬ್ಬರೂ ಬಂದರು. ತಂದೆಯದೊಂದು ಷರತ್ತು, ಮಗಳದೊಂದು ಷರತ್ತು. ಬಿ.ಎಡ್. ಮುಗಿಸಿ ಕೆಲಸದ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ತಂದೆಯದು. ಅಲ್ಲಿಯವರೆಗೆ ಮದುವೆಯ ಮಾತನ್ನು ಎತ್ತಬಾರದೆಂಬುದು ಮಗಳದು. ನಾನು ಸಾಕ್ಷಿ. ಆಕೆ ಈಗ ಪದವಿಪೂರ್ವ ಕಾಲೇಜಿನಲ್ಲಿ ಐಚ್ಛಿಕ ಕನ್ನಡವನ್ನು ಓದುತ್ತಿದ್ದಾಳೆ.

ಅದೇ ವಾರ ಬಂದ ಇನ್ನೊಬ್ಬ ಹುಡುಗನಿಗೆ ನಾನು ಬೇಡವೆಂದೇ ಹೇಳಿದೆನು. ಆತನಿಗೆ ಗಣಿತವೆಂದರೆ ಹೆದರಿಕೆ. ಕನ್ನಡ ಸುಲಭವೆಂದು ಯಾರೋ ಹೇಳಿದ್ದರಂತೆ. ಲೆಕ್ಕಕ್ಕೆ ಹೆದರಿ ಓಡಿಬಂದವನನ್ನು ಛಂದಸ್ಸಿನಲ್ಲಿಯೂ ಲೆಕ್ಕವೇ ಎದುರುಗೊಳ್ಳುವುದೆಂದು ಹೇಳಿದಾಗ ಆತನ ಮುಖ ಬಾಡಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದಪದ್ಯದ ಮೊದಲನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಗಣಗಳು ಮೂರು ಮೂರು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದೈದು. ಒಟ್ಟು 64 ಮಾತ್ರೆಗಳು. ಒಂದು ಹೆಚ್ಚಾಗಕೂಡದು, ಒಂದು ಕಡಿಮೆಯಾಗಕೂಡದು. ಸಾಹಿತ್ಯವು ದಡ್ಡರ ಆಶ್ರಯಸ್ಥಾನವೆಂಬ ಭಾವನೆ ನಮ್ಮ ಊರುಗಳಲ್ಲಿ ಬೇರೂರಿದೆ. ಕಡಿಮೆ ಅಂಕ ಬಂದವರನ್ನೆಲ್ಲ ಕಲಾವಿಭಾಗಕ್ಕೆ ನೂಕಿ, ಹೆಚ್ಚು ಅಂಕ ಬಂದವರು ಅಲ್ಲಿಗೆ ಹೋಗುವೆವೆಂದರೆ ಮನೆಯಲ್ಲಿ ಸೂತಕ ಬಂದಂತೆ ನಡೆದುಕೊಳ್ಳುತ್ತೇವೆ. ಇದರಿಂದ ವಿಜ್ಞಾನಕ್ಕೂ ಲಾಭವಿಲ್ಲ, ಸಾಹಿತ್ಯಕ್ಕೂ ಲಾಭವಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಹಾಗೇಕೆ ಹೇಳಿದರು? ಒಂದು ಉದಾಹರಣೆಯನ್ನು ನೋಡೋಣ. ರನ್ನನು 10ನೆಯ ಶತಮಾನದಲ್ಲಿ ಬಾಳಿದ ಕವಿ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಬಳೆಗಾರರ ಕುಲದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನವನ್ನು ಸೇರಿದವನು. ಆತನ ಗದಾಯುದ್ಧದಲ್ಲಿ, ಸೇನೆಯನ್ನೂ ತಮ್ಮಂದಿರನ್ನೂ ಗೆಳೆಯನನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿರುವನು. ದಡದ ಮೇಲೆ ಭೀಮನು ಗರ್ಜಿಸುವನು. ಆ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದ ದುರ್ಯೋಧನನು ಬೆವರಿದನೆಂದು ಕವಿ ಹೇಳುವನು. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕದ ಪ್ರಶ್ನೆಯುಂಟು: ನೀರಿನಲ್ಲಿದ್ದೂ ಬೆವರಿದವನು ಯಾರು? ಉತ್ತರ, ದುರ್ಯೋಧನ. ಅಂಕ ಬಂದಿತು, ಪಾಠ ಮುಗಿಯಿತು.

ಆದರೆ ಪದ್ಯ ಮುಗಿಯಲಿಲ್ಲ. ಆತನು ಬೆವರಿದ್ದು ಭಯದಿಂದಲೋ ಕೋಪದಿಂದಲೋ? ತರಗತಿಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳು ಭಯದಿಂದಲೇ ಎನ್ನುವರು. ಅಡಗಿಕೊಂಡವನಲ್ಲವೆ, ಭಯವಿರಲೇಬೇಕು. ಅದೇ ಪದ್ಯದಲ್ಲಿ ಕವಿಯು ಆತನ ಕಣ್ಣುಗಳು ಕೋಪದಿಂದ ಕೆಂಪಾಗಿದ್ದವೆಂದು ಹೇಳಿರುವುದನ್ನು ತೋರಿಸಿದಾಗ ಮಕ್ಕಳು ಸುಮ್ಮನಾಗುವರು. ನೀರು ತಣ್ಣಗೆ, ಒಳಗಿರುವವನು ಬೆಂಕಿ. ಬೆವರು ಆ ಬೆಂಕಿಯದು. ಇನ್ನೂ ಮುಂದೆ ಹೋದರೆ, ಕವಿಯು ಆತನನ್ನು ಹೆಸರು ಹಿಡಿದು ಕರೆಯದೆ, ಹಾವಿನ ಧ್ವಜವುಳ್ಳವನೆಂದು ಕರೆದಿದ್ದಾನೆ. ನೀರಿನಲ್ಲಿ ಅಡಗಿರುವಾಗಲೂ ಆತನ ರಾಜಲಾಂಛನವನ್ನು ಕವಿಯು ಕಿತ್ತುಕೊಂಡಿಲ್ಲ. ಮೇಲಾಗಿ ನೀರಿನಲ್ಲಿ ಅಡಗುವ ಹಾವೂ ಒಂದು ನಮ್ಮ ಕಣ್ಣಮುಂದೆ ಸುಳಿದುಹೋಗುವುದು. ಪದ್ಯವನ್ನು ಗಟ್ಟಿಯಾಗಿ ಓದಿದರೆ ರಕಾರವು ಮರಳಿ ಮರಳಿ ಉರುಳುತ್ತ ಭೀಮನ ಗಂಟಲೇ ಕೇಳಿಸುವುದು. ನಾಲ್ಕು ಪಾದಗಳಲ್ಲಿಯೂ ಪ್ರಾಸದ ಅಕ್ಷರ ಅದೇ ರಕಾರ. ಇಷ್ಟೆಲ್ಲ ಆಗಿರುವುದು ಆ 64 ಮಾತ್ರೆಗಳ ಒಳಗೆ, ಒಂದು ಕಂದದಲ್ಲಿ. ಶತ್ರುಪಕ್ಷದವನನ್ನು ಸೋಲಿನ ಗಳಿಗೆಯಲ್ಲಿ ಹೀಗೆ ಗೌರವಿಸಬಹುದೆಂಬುದನ್ನು ಹದಿನಾರು ವರ್ಷದ ಮಗು ಯಾರ ಉಪದೇಶವೂ ಇಲ್ಲದೆ ಅಲ್ಲಿಯೇ ಕಾಣುವುದು.

ಹಳಗನ್ನಡವೆಂದೊಡನೆ ಮಕ್ಕಳು ಹೆದರುವುದುಂಟು. ಈ ಹೆದರಿಕೆಯ ಅರ್ಧ ಭಾಗವು ಒಂದು ವಾರದಲ್ಲಿ ಹೋಗುವುದು. ಪಾಲು, ಪುಲಿ, ಪೂ ಎಂಬಲ್ಲಿಯ ಪಕಾರವು ಹಕಾರವಾಗಿ ಹಾಲು, ಹುಲಿ, ಹೂ ಆಯಿತೆಂದು ಒಮ್ಮೆ ತಿಳಿದವನಿಗೆ ನೂರಾರು ಶಬ್ದಗಳು ತಾವಾಗಿ ಬಾಗಿಲು ತೆರೆಯುವುವು. ತಮಿಳರು ಇಂದಿಗೂ ಪಾಲ್, ಪುಲಿ, ಪೂ ಎನ್ನುವರು. ನೆರೆಮನೆಯ ನುಡಿಯೂ ಅಷ್ಟರಮಟ್ಟಿಗೆ ಹತ್ತಿರವಾಗುವುದು. ಉಳಿದ ಅರ್ಧ ಭಾಗದ ಕಷ್ಟ ನಿಜವಾದದ್ದು. ಅದು ಸಮಾಸಗಳದ್ದು, ಅನ್ವಯದ್ದು. ಅದಕ್ಕೆ ಕುಳಿತು ಬೆವರಬೇಕು, ದುರ್ಯೋಧನನಂತೆ.

ಅಂಕಗಳ ಮಾತನ್ನು ಬಿಟ್ಟರೆ ಈ ಉಪನ್ಯಾಸ ಪೂರ್ತಿಯಾಗದೆಂದು ಕೆಲವು ಪಾಲಕರು ಕಾಯುತ್ತಿರಬಹುದು. ಸಂಸ್ಕೃತವನ್ನು ಭಾಷೆಯಾಗಿ ತೆಗೆದುಕೊಂಡು, ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದು ನೂರಕ್ಕೆ ನೂರು ಪಡೆಯುವ ಉಪಾಯವು ಈಗ ಎಲ್ಲರಿಗೂ ತಿಳಿದದ್ದೇ ಆಗಿದೆ. ಸಂಸ್ಕೃತವನ್ನೇ ಜೀವನದ ಕಸುಬಾಗಿ ಹಿಡಿದ ನನಗೆ ಇದರಿಂದ ಹಿಗ್ಗಾಗಬೇಕಾಗಿತ್ತು. ಆಗಿಲ್ಲ. ಒಂದು ಸುಭಾಷಿತವನ್ನೂ ಬಾಯಿಪಾಠವಿಲ್ಲದೆ ನೂರು ಅಂಕ ಪಡೆದ ಮಕ್ಕಳನ್ನು ಕಂಡಾಗ, ಆ ಭಾಷೆಗಾದ ಅವಮಾನವನ್ನು ಕಂಡಂತೆ ಆಗುವುದು. ಐಚ್ಛಿಕ ಕನ್ನಡಕ್ಕೂ ಈ ರೋಗ ಅಂಟದೆ ಬಿಟ್ಟಿಲ್ಲ. ಅಂಗಡಿಯಲ್ಲಿ ಗೈಡು ಸಿಗುವುದು. ಗೈಡಿನಲ್ಲಿ ಪ್ರಶ್ನೆಯೂ ಉತ್ತರವೂ ಸಿದ್ಧವಾಗಿರುವುವು. ಮೂಲಪದ್ಯವನ್ನು ಮುಟ್ಟದೆಯೇ ತೇರ್ಗಡೆಯಾಗಬಹುದು. ಹೀಗೆ ಓದುವುದಾದರೆ ಓದದಿರುವುದೇ ಮೇಲೆಂದು ನಾನು ಸ್ಪಷ್ಟವಾಗಿ ಹೇಳುವೆನು. ಓದದವನಿಗೆ ರನ್ನನು ಅಪರಿಚಿತನಾಗಿ ಉಳಿಯುವನು, ಮುಂದೆ ಎಂದಾದರೂ ಪರಿಚಯವಾಗಬಹುದು. ಗೈಡಿನಿಂದ ಓದಿದವನು ರನ್ನನನ್ನು ತಿಳಿದುಬಿಟ್ಟೆನೆಂದು ಭಾವಿಸಿ ಮತ್ತೆಂದೂ ಆತನ ಕಡೆಗೆ ತಿರುಗಿ ನೋಡಲಾರನು.

ಈ ತರಗತಿಗೆ ಹೋಗದವರು ಸಾಹಿತ್ಯಕ್ಕೆ ಹೊರಗಿನವರೆಂದು ಯಾರೂ ತಿಳಿಯಬೇಕಾದುದಿಲ್ಲ. ಫ. ಗು. ಹಳಕಟ್ಟಿಯವರು ವಕೀಲರು. ವಿಜಯಪುರದಲ್ಲಿ ನ್ಯಾಯಾಲಯದ ಕೆಲಸ ಮಾಡುತ್ತಲೇ ಓಲೆಗರಿಗಳನ್ನು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಮಾಡಿದುದು ಇಂಗ್ಲಿಷ್ ಸಾಹಿತ್ಯದಲ್ಲಿ, 1914ರಲ್ಲಿ. ಬಹುಕಾಲ ಸರಕಾರದ ಅಧಿಕಾರಿಗಳಾಗಿದ್ದರು. ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರ 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ. ಹೀಗಿರುವುದರಿಂದ, ವಿಜ್ಞಾನಕ್ಕೆ ಹೋಗುವ ಮಕ್ಕಳು ಕನ್ನಡವನ್ನು ಬಿಟ್ಟುಹೋದೆವೆಂದು ಅಪರಾಧ ಮಾಡಿದವರಂತೆ ತಲೆ ತಗ್ಗಿಸಬೇಕಾಗಿಲ್ಲ. ಭಾಷೆಯಾಗಿ ಕನ್ನಡವನ್ನು ಇಟ್ಟುಕೊಳ್ಳಿರಿ. ಮಠದ ಪುಸ್ತಕಭಂಡಾರವು ಭಾನುವಾರವೂ ತೆರೆದಿರುವುದು.

ಇನ್ನೊಂದು ಪಕ್ಕವನ್ನೂ ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. ಆ ಮೊದಲನೆಯ ತರಗತಿಗೆ ಸೇರಿದವರಲ್ಲಿ ಕುವೆಂಪು ಅವರೂ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಮುಂದೆ ನಡೆದು ದಾರಿ ತೋರಿಸಿದ ಹಿಂದಿನ ತಂಡವೆಂಬುದು ಅವರಿಗೆ ಇರಲಿಲ್ಲ. ಕುವೆಂಪು ಅವರು ಕುವೆಂಪು ಆದುದು ತರಗತಿಯಿಂದಲ್ಲವೆಂದು ನೀವು ಹೇಳಿದರೆ ಒಪ್ಪುವೆನು. ಆದರೆ ನರಸಿಂಹಾಚಾರ್ಯರಂತಹ ಗ್ರಂಥಸಂಪಾದಕರು ತರಗತಿಯ ಶಿಸ್ತಿಲ್ಲದೆ ಹುಟ್ಟುವುದು ಕಷ್ಟ. ಕವಿಗಳು ಎಲ್ಲಿಂದಲಾದರೂ ಬರಬಹುದು. ಹಸ್ತಪ್ರತಿಯ ಪಾಠಭೇದವನ್ನು ಬಿಡಿಸಬಲ್ಲವರು, ಶಾಸನವನ್ನು ಓದಬಲ್ಲವರು, ನಿಘಂಟಿಗೆ ಅರ್ಥ ಬರೆಯಬಲ್ಲವರು ಅಭ್ಯಾಸದಿಂದ ಮಾತ್ರ ಆಗುವರು. ನಮ್ಮ ಮಠದ ಭಂಡಾರದಲ್ಲಿರುವ ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ಓದಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೇವೆ? ಬೆರಳುಗಳು ಸಾಕು. ಎಲ್ಲರಿಗೂ ತಲೆ ನರೆತಿದೆ. ನನ್ನ ನಿಜವಾದ ಕಳವಳ ಇದೊಂದೇ.

ಕೆಲಸದ ವಿಚಾರವಾಗಿ ಒಂದು ವಿನೋದವನ್ನೂ ಹೇಳುವೆನು. ಕೇಂದ್ರ ಲೋಕಸೇವಾ ಆಯೋಗದವರು ನಡೆಸುವ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. 250 ಅಂಕಗಳ ಎರಡು ಪತ್ರಿಕೆಗಳು. ಪಂಪನ ವಿಕ್ರಮಾರ್ಜುನ ವಿಜಯ, ವಡ್ಡಾರಾಧನೆ, ವಚನಗಳು, ಕುಮಾರವ್ಯಾಸನ ಕರ್ಣಪರ್ವ ಇವೆಲ್ಲ ಅಲ್ಲಿಯ ಪಠ್ಯದಲ್ಲಿವೆ. ಇಂಜಿನಿಯರಿಂಗ್ ಪದವೀಧರರು ಪಂಪಭಾರತವನ್ನು ಕೈಯಲ್ಲಿ ಹಿಡಿದು, ಅನ್ವಯ ಹೇಳಿಕೊಡಿರೆಂದು ಪಾಠಶಾಲೆಗೆ ಬಂದುದುಂಟು. ಸಂತೋಷದಿಂದ ಹೇಳಿಕೊಟ್ಟಿದ್ದೇನೆ. ಇದನ್ನು ಕೇಳಿ, ಹಾಗಾದರೆ ಐಚ್ಛಿಕ ಕನ್ನಡ ತೆಗೆದುಕೊಂಡರೆ ಜಿಲ್ಲಾಧಿಕಾರಿಯಾಗಬಹುದೆಂದು ಯಾರೂ ಮನೆಗೆ ಹೋಗಿ ಹೇಳಬೇಡಿರಿ. ಆ ಪರೀಕ್ಷೆಗೆ ಬೇಕಾಗಿರುವುದು ಪದವಿ. ಪದವಿಪೂರ್ವದಲ್ಲಿ ಏನು ಓದಿದಿರೆಂದು ಅಲ್ಲಿ ಕೇಳುವವರಿಲ್ಲ.

ಸೇರಲು ನಿಶ್ಚಯಿಸಿದವರು ಎರಡು ವಿಚಾರಗಳನ್ನು ಮೊದಲೇ ತಿಳಿದುಕೊಳ್ಳಬೇಕು. ಎಲ್ಲ ಕಾಲೇಜುಗಳಲ್ಲಿಯೂ ಈ ವಿಷಯವಿಲ್ಲ; ಅರ್ಜಿ ಬರೆಯುವ ಮೊದಲು ಕೇಳಿ ತಿಳಿಯಿರಿ. ಇದ್ದಲ್ಲಿ ಪಾಠ ಹೇಳುವವರು ಯಾರು, ಅವರು ಪದ್ಯವನ್ನು ಬಾಯಿಬಿಟ್ಟು ಓದುವರೋ, ಟಿಪ್ಪಣಿ ಬರೆಯಿಸಿ ಹೊರಡುವರೋ ಎಂಬುದನ್ನು ಹಿಂದಿನ ವರ್ಷ ಓದಿದ ಮಕ್ಕಳಿಂದ ಕೇಳಿರಿ. ಮಕ್ಕಳು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಒಳ್ಳೆಯ ಅಧ್ಯಾಪಕರು ಇಪ್ಪತ್ತು ಮೈಲಿ ದೂರದಲ್ಲಿದ್ದರೆ ಬಸ್ಸಿನ ಪಾಸು ಮಾಡಿಸಿಕೊಂಡು ಅಲ್ಲಿಗೆ ಹೋಗುವುದು ಮೇಲು.

ಇನ್ನೂ ಮನಸ್ಸು ಡೋಲಾಯಮಾನವಾಗಿರುವವರಿಗಾಗಿ ಶ್ರೀ ಸನ್ನಿಧಿಯವರ ಅಪ್ಪಣೆ ಪಡೆದು ಒಂದು ಏರ್ಪಾಡನ್ನು ಮಾಡಿದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದ ಹತ್ತು ದಿನಗಳವರೆಗೆ, ಸಂಜೆಯ ಪ್ರಾರ್ಥನೆಯಾದ ಮೇಲೆ ಪಾಠಶಾಲೆಯ ಪಡಸಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯದ ಸ್ಮಶಾನದ ಭಾಗವನ್ನು ಓದುವೆವು. ನಾನು ಅನ್ವಯ ಹೇಳುವೆನು. ಗಮಕದಲ್ಲಿ ಪಳಗಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಪದ್ಯಗಳನ್ನು ಹಾಡುವರು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಪುಸ್ತಕಗಳು ಸಾಲದಿರುವುದರಿಂದ ಇಬ್ಬರಿಗೊಂದು ಪ್ರತಿ ಕೊಡಲಾಗುವುದು. ಗೈಡನ್ನು ಮಾತ್ರ ಯಾರೂ ತರಬಾರದು. ಮೂರು ದಿನ ಕುಳಿತು ನಿದ್ದೆ ಬಂದವರು ಸಂಕೋಚಪಡದೆ ಎದ್ದು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಹತ್ತನೆಯ ದಿನವೂ ಬಂದು, ಚಂದ್ರಮತಿಯು ಮಗನ ಶವವನ್ನು ಹೊತ್ತು ಬರುವಲ್ಲಿ ಕವಿಯು ಹಾಗೇಕೆ ಹೇಳಿದನೆಂದು ಕೇಳುವವರು ಯಾರೋ ಅವರ ಹೆಸರನ್ನು ನಾನು ಬರೆದಿಟ್ಟುಕೊಂಡು ಅವರ ಪಾಲಕರನ್ನು ಕಾಣುವೆನು. ಪಾಲಕರೂ ಬಂದು ಹಿಂದೆ ಕಂಬಕ್ಕೆ ಒರಗಿ ಕುಳಿತುಕೊಳ್ಳಬಹುದು.